ಒಂದು ಮಿಲಿಮೀಟರ್ ಮೊಟ್ಟೆ: ಮ್ಯಾಕ್ರೋ ಛಾಯಾಗ್ರಹಣದ ಒಳಲೆಕ್ಕ

ಡೊಂಬಿವಲಿಯ ನಮ್ಮ ಮನೆಯ ಅಡುಗೆಮನೆಯ ಕಿಟಕಿಗೆ ಹೊರಚಾಚಿದ ಗ್ರಿಲ್ ಇದೆ. ಮುಂಬೈ ಕಡೆಯ ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ ಇರುವಂಥದ್ದೇ. ಅದರಲ್ಲಿ ಹಳೆಯ ಪೇಂಟಿನ ಡಬ್ಬಿಯೊಳಗೆ ಒಂದು ಕರಿಬೇವಿನ ಗಿಡವಿದ್ದು, ಮಳೆಗಾಲ ಹಿಡಿದ ಮೇಲೆ ಅದರ ಎಳೆಯ ಎಲೆಗಳ ಮೇಲೆ ನಿಂಬೆ ಚಿಟ್ಟೆ ಬಂದು ಒಂದೊಂದೇ ಮೊಟ್ಟೆ ಇಟ್ಟು ಹೋಗುತ್ತದೆ. ಮೊಟ್ಟೆ ತಿಳಿಹಳದಿ ಬಣ್ಣದ್ದು, ದುಂಡಗಿನದು, ಅಡ್ಡಳತೆ ಸುಮಾರು ಒಂದು ಮಿಲಿಮೀಟರ್. ಸಾಸಿವೆ ಕಾಳಿಗಿಂತಲೂ ಚಿಕ್ಕದು. ಫೋನಿನಲ್ಲಿ ತೆಗೆದರೆ ಎಲೆ ಚೆನ್ನಾಗಿಯೇ ಬರುತ್ತದೆ, ಮೊಟ್ಟೆ ಮಾತ್ರ ಅರಿಶಿನದ ಚುಕ್ಕೆಯಂತೆ ಕಾಣುತ್ತದೆ. ಕ್ಯಾಮೆರಾದ ಜೊತೆಗೆ ಬಂದ 18-55 ಮಿ.ಮೀ. ಜೂಮ್ ಲೆನ್ಸನ್ನು ಇನ್ನಷ್ಟು ಹತ್ತಿರಕ್ಕೆ ಒಯ್ದರೆ ಫೋಕಸ್ ಸಿಗದೆ ಲೆನ್ಸು ಹಿಂದೆ ಮುಂದೆ ಓಡಾಡಿ ಸೋಲುತ್ತದೆ.

ಮ್ಯಾಕ್ರೋ ಛಾಯಾಗ್ರಹಣ ಕಲಿಯಲು ಹೊರಟವರು ಮೊದಲು ಎಡವುವುದು ಇಲ್ಲಿಯೇ. ಹೆಚ್ಚಿನವರು ಇದನ್ನು ಲೆನ್ಸಿನ ಕೊರತೆಯೆಂದು ತಿಳಿದು ಹೊಸ ಲೆನ್ಸಿಗಾಗಿ ಹಣ ಕೂಡಿಡಲು ತೊಡಗುತ್ತಾರೆ. ಆದರೆ ಹತ್ತಿರ ಹೋಗುವುದು ಈ ವಿದ್ಯೆಯಲ್ಲಿ ಅತ್ಯಂತ ಅಗ್ಗವಾಗಿ ಬಗೆಹರಿಯುವ ತೊಡಕು. ಹತ್ತಿರ ಹೋದ ಮೇಲೆ ಬೆಳಕು ಕುಂದುತ್ತದೆ, ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತದೆ, ಆ ಪದರವನ್ನು ದಪ್ಪ ಮಾಡಲು ಹೋದರೆ ಮತ್ತಷ್ಟು ಬೆಳಕು ಬೇಕಾಗುತ್ತದೆ, ಅತಿಯಾಗಿ ಮಾಡಿದರೆ ಇಡೀ ಚಿತ್ರವೇ ಮಂಕಾಗುತ್ತದೆ. ಕಲಿಯಬೇಕಾದದ್ದು ಈ ಕೊಡುಕೊಳ್ಳುವಿಕೆಯ ಲೆಕ್ಕವನ್ನು. ಆ ಮೊಟ್ಟೆಯನ್ನೇ ಮುಂದಿಟ್ಟುಕೊಂಡು ಅದನ್ನು ಬಿಡಿಸಿ ನೋಡಬಹುದು.

ಮೊದಲು ಅಳತೆಯ ಮಾತು. ಮ್ಯಾಕ್ರೋ ಎಂಬುದು ಒಂದು ಅನುಪಾತ. ವಸ್ತುವಿನ ನಿಜವಾದ ಗಾತ್ರಕ್ಕೂ ಕ್ಯಾಮೆರಾದ ಸೆನ್ಸರಿನ (ಬೆಳಕನ್ನು ಹಿಡಿಯುವ ಫಲಕದ) ಮೇಲೆ ಬೀಳುವ ಅದರ ಬಿಂಬದ ಗಾತ್ರಕ್ಕೂ ಇರುವ ಸಂಬಂಧವೇ ವರ್ಧನೆ. ಒಂದು ಮಿಲಿಮೀಟರಿನ ಮೊಟ್ಟೆಯ ಬಿಂಬವೂ ಸೆನ್ಸರಿನ ಮೇಲೆ ಒಂದೇ ಮಿಲಿಮೀಟರ್ ಇದ್ದರೆ ಅದು 1:1, ಅಂದರೆ ನೈಜ ಗಾತ್ರ. ಬಿಂಬ ಎರಡು ಮಿಲಿಮೀಟರ್ ಇದ್ದರೆ 2:1. ಕಟ್ಟುನಿಟ್ಟಾಗಿ ಹೇಳುವವರು 1:1ರಿಂದ ಮೇಲಿನದನ್ನು ಮಾತ್ರ ಮ್ಯಾಕ್ರೋ ಎನ್ನುತ್ತಾರೆ, ಅದಕ್ಕಿಂತ ಕೆಳಗಿನದು ಅವರ ಲೆಕ್ಕದಲ್ಲಿ ಕ್ಲೋಸ್‌ಅಪ್. ಆದರೆ 1:4ರಷ್ಟೇ ವರ್ಧನೆ ಕೊಡುವ ಜೂಮ್ ಲೆನ್ಸುಗಳ ಮೈಮೇಲೂ ಕಂಪನಿಗಳು ಮ್ಯಾಕ್ರೋ ಎಂಬ ಪದವನ್ನು ಧಾರಾಳವಾಗಿ ಬರೆದಿವೆಯಾದ್ದರಿಂದ, ಲೆನ್ಸಿನ ಹೆಸರು ನೋಡಿ ಕೊಳ್ಳುವುದಕ್ಕಿಂತ ಅದರ ವರ್ಧನೆಯ ಸಂಖ್ಯೆ ನೋಡಿ ಕೊಳ್ಳುವುದು ಕ್ಷೇಮ. ನಿಕಾನ್ ಕಂಪನಿ ತನ್ನ ಇಂಥ ಲೆನ್ಸುಗಳನ್ನು ಮೈಕ್ರೋ ಎಂದು ಕರೆಯುವುದಕ್ಕೂ ಒಂದು ಹಿನ್ನೆಲೆಯಿದೆ. 1956ರಲ್ಲಿ ಬಂದ ಅದರ ಮೊದಲ ಮೈಕ್ರೋ ಲೆನ್ಸು ತಯಾರಾದದ್ದು ಹುಳಹುಪ್ಪಟೆಗಳಿಗಾಗಿ ಅಲ್ಲ, ಒತ್ತೊತ್ತಾದ ಗೆರೆಗಳಿರುವ ಜಪಾನಿ ಅಕ್ಷರಗಳ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುವುದಕ್ಕಾಗಿ.

ನಿಮ್ಮ ಕೈಯಲ್ಲಿರುವ ಲೆನ್ಸಿನ ವರ್ಧನೆಯನ್ನು ತಿಳಿಯಲು ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ಸಾಕು. ಲೆನ್ಸು ಫೋಕಸ್ ಮಾಡಬಲ್ಲ ಅತಿ ಹತ್ತಿರದ ದೂರದಿಂದ ಸ್ಕೇಲಿನ ಚಿತ್ರ ತೆಗೆದು, ಚೌಕಟ್ಟಿನ ಅಗಲದಲ್ಲಿ ಎಷ್ಟು ಮಿಲಿಮೀಟರ್ ಹಿಡಿದಿದೆ ಎಂದು ಎಣಿಸಬೇಕು. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಆದ್ದರಿಂದ 36 ಗೆರೆಗಳು ಕಂಡರೆ 1:1, 72 ಕಂಡರೆ 1:2, 18 ಕಂಡರೆ 2:1. ಸಾಮಾನ್ಯ ಕ್ಯಾಮೆರಾಗಳ ಎಪಿಎಸ್-ಸಿ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲವಿರುತ್ತದೆ, 18-55 ಲೆನ್ಸು ಹಾಕಿದರೆ ಅದರಲ್ಲಿ 65 ಮಿ.ಮೀ. ಆಸುಪಾಸು ಕಾಣುತ್ತದೆ. ಎರಡೂ 24 ಮೆಗಾಪಿಕ್ಸೆಲ್ ಎಂದಿಟ್ಟುಕೊಳ್ಳೋಣ, ಅಂದರೆ ಅಡ್ಡಕ್ಕೆ 6000 ಪಿಕ್ಸೆಲ್. 1:1ರಲ್ಲಿ ನಮ್ಮ ಮೊಟ್ಟೆ ಫುಲ್ ಫ್ರೇಮಿನ ಮೇಲೆ ಸುಮಾರು 167 ಪಿಕ್ಸೆಲ್ ಅಗಲವಾಗಿ ಬಿದ್ದರೆ, ಚಿಕ್ಕ ಸೆನ್ಸರಿನ ಮೇಲೆ 255 ಪಿಕ್ಸೆಲ್ ಅಗಲವಾಗಿ ಬೀಳುತ್ತದೆ. ಮ್ಯಾಕ್ರೋ ಮಾಡುವವರಿಗೆ ಚಿಕ್ಕ ಸೆನ್ಸರಿನ ಕ್ಯಾಮೆರಾ ಕೀಳಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಹತ್ತಿರ ಹೋಗುವ ದಾರಿಗಳು. ಲೆನ್ಸು ಸೆನ್ಸರಿನಿಂದ ದೂರ ಸರಿದಷ್ಟೂ ಹತ್ತಿರದ ವಸ್ತು ಫೋಕಸಿಗೆ ಬರುತ್ತದೆ ಎಂಬ ಒಂದೇ ನಿಯಮದ ಮೇಲೆ ಎಕ್ಸ್‌ಟೆನ್ಶನ್ ಟ್ಯೂಬ್ ನಿಂತಿದೆ. ಅದು ಒಳಗೆ ಗಾಜೇ ಇಲ್ಲದ ಟೊಳ್ಳು ಕೊಳವೆ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುತ್ತದೆ. ಕೊಳವೆಯ ಉದ್ದವನ್ನು ಲೆನ್ಸಿನ ಸಂಗಮದೂರದಿಂದ (ಫೋಕಲ್ ಲೆಂಗ್ತ್, ಲೆನ್ಸಿನ ಮೇಲೆ ಬರೆದ ಮಿ.ಮೀ. ಸಂಖ್ಯೆ) ಭಾಗಿಸಿದರೆ ಅದು ಸೇರಿಸುವ ವರ್ಧನೆ ಸಿಗುತ್ತದೆ. ಮಾರುಕಟ್ಟೆಯಲ್ಲಿ 12, 20, 36 ಮಿ.ಮೀ. ಮೂರು ಕೊಳವೆಗಳ ಸೆಟ್ ಸಿಗುತ್ತದೆ. ಮೂರನ್ನೂ ಜೋಡಿಸಿ 50 ಮಿ.ಮೀ. ಲೆನ್ಸಿಗೆ ಹಾಕಿದರೆ 68ನ್ನು 50ರಿಂದ ಭಾಗಿಸಿ 1.36ರಷ್ಟು ವರ್ಧನೆ, ಅಂದರೆ ನೈಜ ಗಾತ್ರಕ್ಕಿಂತಲೂ ಹೆಚ್ಚು. ಮುಂಬೈಯ ಸಿ.ಎಸ್.ಎಂ.ಟಿ. ರೈಲು ನಿಲ್ದಾಣದ ಹತ್ತಿರದ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳಲ್ಲಿ ಇವನ್ನು ಕೇಳುವಾಗ ಒಳಗೆ ವಿದ್ಯುತ್ ಸಂಪರ್ಕದ ಪಿನ್ನುಗಳಿವೆಯೇ ಎಂದು ನೋಡಿಕೊಳ್ಳಬೇಕು. ಪಿನ್ನಿಲ್ಲದ ಅಗ್ಗದ ಕೊಳವೆ ಹಾಕಿದರೆ ಇಂದಿನ ಹೆಚ್ಚಿನ ಲೆನ್ಸುಗಳಲ್ಲಿ ಅಪರ್ಚರ್, ಅಂದರೆ ಬೆಳಕು ತೂರುವ ರಂಧ್ರದ ಗಾತ್ರ, ಬದಲಿಸಲು ಬರುವುದಿಲ್ಲ, ಮುಂದೆ ಹೇಳುವ ಲೆಕ್ಕವೆಲ್ಲ ಆಗ ಕೈತಪ್ಪುತ್ತದೆ.

ಎರಡನೆಯದು ಲೆನ್ಸಿನ ಮೂತಿಗೆ ತಿರುಗಿಸಿ ಹಾಕುವ ಕ್ಲೋಸ್‌ಅಪ್ ಲೆನ್ಸು. ಇದನ್ನು ಕ್ಯಾಮೆರಾಕ್ಕೆ ಹಾಕುವ ಚಾಳೀಸಿನ ಕನ್ನಡಕ ಎಂದರೆ ತಪ್ಪಾಗದು, ಏಕೆಂದರೆ ಇದರ ನಂಬರೂ ಅದೇ ಡಯಾಪ್ಟರಿನಲ್ಲಿರುತ್ತದೆ. ಪ್ಲಸ್ 4 ಎಂದರೆ ಅದರ ಸಂಗಮದೂರ 1000ವನ್ನು 4ರಿಂದ ಭಾಗಿಸಿದಷ್ಟು, ಅಂದರೆ 250 ಮಿ.ಮೀ. ಹಿಂದಿನ ಲೆನ್ಸನ್ನು ಅನಂತದೂರಕ್ಕೆ ಫೋಕಸ್ ಮಾಡಿಟ್ಟರೆ ವಸ್ತು ಸರಿಯಾಗಿ 250 ಮಿ.ಮೀ. ದೂರದಲ್ಲಿ ಸ್ಪಷ್ಟವಾಗುತ್ತದೆ, ವರ್ಧನೆ ಲೆನ್ಸಿನ ಸಂಗಮದೂರವನ್ನು 250ರಿಂದ ಭಾಗಿಸಿದಷ್ಟು. ಆದ್ದರಿಂದ ಕೊಳವೆಗಳು ಚಿಕ್ಕ ಸಂಗಮದೂರದ ಲೆನ್ಸಿಗೆ ಒಗ್ಗಿದರೆ ಇವು ಉದ್ದನೆಯ ಜೂಮ್ ಲೆನ್ಸಿಗೆ ಒಗ್ಗುತ್ತವೆ. 200 ಮಿ.ಮೀ.ಗೆ ಚಾಚಿದ ಜೂಮಿನ ಮುಂದೆ ಪ್ಲಸ್ 8ರ ರೇನಾಕ್ಸ್ ಡಿಸಿಆರ್-250 ಸಿಕ್ಕಿಸಿದರೆ ವರ್ಧನೆ 1.6ಕ್ಕೆ ಏರುತ್ತದೆ. ಒಂಟಿ ಗಾಜಿನ ಅಗ್ಗದವುಗಳಲ್ಲಿ ಅಂಚಿಗೆ ನೇರಳೆ, ಹಸಿರು ಬಣ್ಣ ಸೋರುತ್ತದೆ. ಎರಡು ಅಥವಾ ಹೆಚ್ಚು ಗಾಜುಗಳನ್ನು ಕೂಡಿಸಿ ಬಣ್ಣದೋಷ ತಿದ್ದಿದವನ್ನೇ ಕೊಳ್ಳುವುದು ಒಳ್ಳೆಯದು.

ಲೆನ್ಸನ್ನು ತಿರುವುಮುರುವಾಗಿ ಸಿಕ್ಕಿಸುವ ರಿವರ್ಸ್ ರಿಂಗ್ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಒರಟು. 50 ಮಿ.ಮೀ. ಲೆನ್ಸು ತಿರುವಿದಾಗ ಹೆಚ್ಚುಕಡಿಮೆ ನೈಜ ಗಾತ್ರ ಬರುತ್ತದೆ, ಆದರೆ ಲೆನ್ಸಿಗೂ ಹುಳಕ್ಕೂ ನಡುವೆ ನಾಲ್ಕೈದು ಸೆಂಟಿಮೀಟರ್ ಮಾತ್ರ ಉಳಿಯುತ್ತದೆ, ಒಳಗಿರಬೇಕಾದ ಹಿಂಬದಿಯ ಗಾಜು ಧೂಳಿಗೆ ತೆರೆದುಕೊಳ್ಳುತ್ತದೆ. ನೆಟ್ಟಗಿನ ಮ್ಯಾಕ್ರೋ ಲೆನ್ಸು ಇವೆಲ್ಲಕ್ಕಿಂತ ಮೇಲು ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಅದು ಮೇಲಾಗಿರುವುದು ಅನುಕೂಲದಲ್ಲಿಯೇ ಹೊರತು ಬೇರೆ ಯಾವ ಮಾಯೆಯಿಂದಲೂ ಅಲ್ಲ. ಅನಂತದಿಂದ 1:1ರವರೆಗೆ ಕೊಳವೆ ತೆಗೆದು ಹಾಕುವ ಗೊಡವೆಯಿಲ್ಲದೆ ಅದು ಸಾಗುತ್ತದೆ. ಆರಿಸುವಾಗ ಗಮನಿಸಬೇಕಾದದ್ದು 1:1ರಲ್ಲಿ ಲೆನ್ಸಿನ ಮೂತಿಯಿಂದ ವಸ್ತುವಿನವರೆಗೆ ಉಳಿಯುವ ಅಂತರ. 60 ಮಿ.ಮೀ. ಲೆನ್ಸಿನಲ್ಲಿ ಅದು ಸುಮಾರು 5 ಸೆಂ.ಮೀ., 100 ಮಿ.ಮೀ. ಲೆನ್ಸಿನಲ್ಲಿ ಸುಮಾರು 13 ಸೆಂ.ಮೀ., 180ರಲ್ಲಿ ಇನ್ನೂ ಹೆಚ್ಚು. ಗ್ರಿಲ್ಲಿನ ಮೊಟ್ಟೆಗೆ 5 ಸೆಂ.ಮೀ. ಅಂತರ ಸಾಕಾದೀತು, ಆದರೆ ಮುಂಬೈಯ ಆರೆ ಕಾಲೊನಿಯ ಮರದ ಕೆಂಪಿರುವೆ, ಅಂದರೆ ನಮ್ಮ ಕರಾವಳಿಯವರು ಚಗಳಿ ಎನ್ನುವ ಇರುವೆ, ಅಷ್ಟು ಹತ್ತಿರಕ್ಕೆ ಬಂದ ಲೆನ್ಸಿನ ಮೇಲೆ ಹತ್ತಿ ನಿಮ್ಮ ಬೆರಳನ್ನೇ ಕಚ್ಚುತ್ತದೆ.

ಫೋನಿನ ಮಾತನ್ನು ಇಲ್ಲಿಯೇ ಮುಗಿಸುತ್ತೇನೆ. 2021ರ ಐಫೋನ್ 13 ಪ್ರೋದಿಂದ ಮೊದಲ್ಗೊಂಡು ದುಬಾರಿ ಫೋನುಗಳ ಅಲ್ಟ್ರಾವೈಡ್ ಲೆನ್ಸು 2 ಸೆಂಟಿಮೀಟರಿನಷ್ಟು ಹತ್ತಿರ ಫೋಕಸ್ ಮಾಡುತ್ತದೆ. ಹೂವು, ಮಳೆಹನಿ, ನಿಂತ ಚಿಟ್ಟೆಗಳಿಗೆ ಅದು ಚೆನ್ನಾಗಿದೆ, ಫೋನಿನ ನೆರಳೇ ವಸ್ತುವಿನ ಮೇಲೆ ಬೀಳುವುದೊಂದೇ ತೊಂದರೆ. ಅಗ್ಗದ ಫೋನುಗಳ ಹಿಂಬದಿಯಲ್ಲಿರುವ 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೋ ಕ್ಯಾಮೆರಾ, ನನ್ನ ಮಟ್ಟಿಗೆ, ಕ್ಯಾಮೆರಾಗಳ ಎಣಿಕೆ ಹೆಚ್ಚಿಸಲು ಕೊರೆದ ತೂತು.

ಈಗ ವಿಷಯದ ಒಡಲಿಗೆ ಬರೋಣ. 100 ಮಿ.ಮೀ. ಸಂಗಮದೂರದ ಸರಳ ಲೆನ್ಸೊಂದು ದೂರದ ಬೆಟ್ಟವನ್ನು ನೋಡುವಾಗ ಸೆನ್ಸರಿನಿಂದ 100 ಮಿ.ಮೀ. ಅಂತರದಲ್ಲಿರುತ್ತದೆ, ಮೊಟ್ಟೆಯನ್ನು 1:1ರಲ್ಲಿ ನೋಡಲು ಅದು 200 ಮಿ.ಮೀ. ಅಂತರಕ್ಕೆ ಸರಿಯಬೇಕು. ಗೋಡೆಗೆ ಹಿಡಿದ ಟಾರ್ಚನ್ನು ಎರಡರಷ್ಟು ದೂರ ಒಯ್ದರೆ ಬೆಳಕಿನ ವೃತ್ತ ನಾಲ್ಕರಷ್ಟು ಹರಡಿ ನಾಲ್ಕನೆಯ ಒಂದು ಭಾಗಕ್ಕೆ ಮಂಕಾಗುವಂತೆಯೇ ಇಲ್ಲಿಯೂ ಸೆನ್ಸರಿನ ಮೇಲೆ ಬೀಳುವ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ. ಛಾಯಾಗ್ರಾಹಕರ ಭಾಷೆಯಲ್ಲಿ ಎರಡು ಸ್ಟಾಪ್ ನಷ್ಟ; ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು. ಇದನ್ನು ಲೆಕ್ಕಕ್ಕೆ ಇಳಿಸಿದರೆ, ಲೆನ್ಸಿನ ಮೇಲೆ ನೀವು ಇಟ್ಟ ಎಫ್ ಸಂಖ್ಯೆಯನ್ನು (ಅಪರ್ಚರಿನ ಅಳತೆ, ಸಂಖ್ಯೆ ಏರಿದಷ್ಟೂ ರಂಧ್ರ ಕಿರಿದು), ವರ್ಧನೆಗೆ ಒಂದನ್ನು ಕೂಡಿಸಿ ಬಂದ ಮೊತ್ತದಿಂದ ಗುಣಿಸಿದರೆ ನಿಜವಾಗಿ ಕೆಲಸ ಮಾಡುತ್ತಿರುವ ಎಫ್ ಸಂಖ್ಯೆ ಸಿಗುತ್ತದೆ. 1:1ರಲ್ಲಿ ಎಫ್ 8 ಇಟ್ಟರೆ ಅದು ಎಫ್ 16ರಂತೆ ವರ್ತಿಸುತ್ತದೆ. 2:1ರಲ್ಲಿ ಅದೇ ಎಫ್ 8, ಎಫ್ 24 ಆಗುತ್ತದೆ. ಕ್ಯಾಮೆರಾದ ಮೀಟರ್ ಲೆನ್ಸಿನ ಮೂಲಕ ಬಂದ ಬೆಳಕನ್ನೇ ಅಳೆಯುವುದರಿಂದ ಈ ನಷ್ಟವನ್ನು ತಾನೇ ಸರಿತೂಗಿಸಿಕೊಳ್ಳುತ್ತದೆ, ಆದಕಾರಣ ವರ್ಷಗಟ್ಟಲೆ ಮ್ಯಾಕ್ರೋ ಮಾಡಿದವರಿಗೂ ಇದು ಗೊತ್ತಾಗದೆ ಹೋಗಬಹುದು. ನಿಕಾನ್ ಕ್ಯಾಮೆರಾಗಳು ಮಾತ್ರ ಮೈಕ್ರೋ ಲೆನ್ಸು ಹತ್ತಿರ ಫೋಕಸ್ ಮಾಡಿದಂತೆ ತೋರಿಸುವ ಎಫ್ ಸಂಖ್ಯೆಯನ್ನೇ ಏರಿಸುತ್ತ ಹೋಗುತ್ತವೆ. ಲೆನ್ಸು ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಲು ಹೊರಟವರನ್ನು ನಾನು ತಡೆದದ್ದುಂಟು.

ಬೆಳಕಿನ ನಷ್ಟಕ್ಕಿಂತ ಕಠಿಣವಾದದ್ದು ಸ್ಪಷ್ಟತೆಯ ಆಳ, ಅಂದರೆ ಫೋಕಸಿನ ಹಿಂದೆ ಮುಂದೆ ಕಣ್ಣಿಗೆ ಚೊಕ್ಕವಾಗಿ ಕಾಣುವ ಪದರದ ದಪ್ಪ. ಫುಲ್ ಫ್ರೇಮ್ ಸೆನ್ಸರಿನ ಮೇಲೆ 0.03 ಮಿ.ಮೀ.ವರೆಗಿನ ಮಸುಕು ಚುಕ್ಕೆಯನ್ನು ಕಣ್ಣು ಚುಕ್ಕೆಯೆಂದೇ ಒಪ್ಪಿಕೊಳ್ಳುತ್ತದೆ ಎಂಬ ಹಳೆಯ ರೂಢಿಯನ್ನು ಹಿಡಿದು ಲೆಕ್ಕ ಹಾಕಿದರೆ, ಎಫ್ 8ರಲ್ಲಿ, 1:2 ವರ್ಧನೆಗೆ ಈ ಪದರ ಸುಮಾರು 2.9 ಮಿ.ಮೀ. ದಪ್ಪವಿರುತ್ತದೆ. 1:1ಕ್ಕೆ ಅದು ಒಂದು ಮಿಲಿಮೀಟರಿಗೆ ಇಳಿಯುತ್ತದೆ. 2:1ಕ್ಕೆ 0.36 ಮಿ.ಮೀ. ಮಾತ್ರ. ಇಲ್ಲಿ ಲೆನ್ಸಿನ ಸಂಗಮದೂರ ಎಲ್ಲಿಯೂ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಇಷ್ಟು ಹತ್ತಿರದಲ್ಲಿ ಆಳವನ್ನು ನಿರ್ಧರಿಸುವುದು ವರ್ಧನೆ ಮತ್ತು ಅಪರ್ಚರ್ ಎರಡೇ. 60ರ ಲೆನ್ಸು ಕೊಂಡರೆ 100ರದ್ದಕ್ಕಿಂತ ಹೆಚ್ಚು ಆಳ ಸಿಗುತ್ತದೆ ಎಂಬ ಅಂಗಡಿ ಮಾತು ಅದೇ ವರ್ಧನೆಯಲ್ಲಿ ನಿಲ್ಲುವುದಿಲ್ಲ.

ನಮ್ಮ ಮೊಟ್ಟೆಗೆ ಇದರ ಅರ್ಥವೇನು? ಮೊಟ್ಟೆ ಗೋಲಾಕಾರ, ಕ್ಯಾಮೆರಾಕ್ಕೆ ಕಾಣುವುದು ಅದರ ಮುಂಭಾಗದ ಅರ್ಧ ಮಾತ್ರ, ಅಂದರೆ ಬೇಕಾದ ಆಳ ಅರ್ಧ ಮಿಲಿಮೀಟರ್. 1:1ರಲ್ಲಿ ಎಫ್ 8 ಇಟ್ಟರೆ ಒಂದು ಮಿಲಿಮೀಟರಿನ ಪದರದಲ್ಲಿ ಅದು ಸಲೀಸಾಗಿ ಕೂರುತ್ತದೆ; ಆದರೆ 36 ಮಿ.ಮೀ.ನ ಚೌಕಟ್ಟಿನಲ್ಲಿ ಒಂದು ಮಿ.ಮೀ.ನ ಮೊಟ್ಟೆ ಒಂಟಿಯಾಗಿ ಕೂತಿರುತ್ತದೆ. ಇನ್ನಷ್ಟು ದೊಡ್ಡದು ಮಾಡಲು 2:1ಕ್ಕೆ ಹೋದ ಕೂಡಲೇ ಪದರ 0.36ಕ್ಕೆ ಇಳಿದು, ಮೊಟ್ಟೆಯ ಮುಂತುದಿ ಸ್ಪಷ್ಟವಾಗಿದ್ದರೆ ಅಂಚು ಮಸುಕು, ಅಂಚು ಸ್ಪಷ್ಟವಾಗಿದ್ದರೆ ಮುಂತುದಿ ಮಸುಕು ಎಂಬ ಸ್ಥಿತಿ ಬರುತ್ತದೆ.

ಹಾಗಾದರೆ ಅಪರ್ಚರನ್ನು ಎಫ್ 16, ಎಫ್ 22ಕ್ಕೆ ಕಿರಿದು ಮಾಡಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ, ನನಗೂ ಮೊದಲ ಎರಡು ವರ್ಷ ಹಾಗೆಯೇ ಅನ್ನಿಸಿತ್ತು. ಇಲ್ಲಿ ಅಡ್ಡ ಬರುವುದು ವಿವರ್ತನೆ. ಕಿರಿದಾದ ರಂಧ್ರದಲ್ಲಿ ತೂರಿದ ಬೆಳಕು ಅಂಚಿನಲ್ಲಿ ಹರಡಿಕೊಳ್ಳುತ್ತದೆ, ಅದರಿಂದ ಬಿಂದುವಿನ ಬಿಂಬ ಬಿಂದುವಾಗಿ ಉಳಿಯದೆ ಪುಟ್ಟ ಬಿಲ್ಲೆಯಾಗುತ್ತದೆ. ಬಿಲ್ಲೆಯ ಅಡ್ಡಳತೆ ಬೆಳಕಿನ ತರಂಗಾಂತರವನ್ನು ಎಫ್ ಸಂಖ್ಯೆಯಿಂದಲೂ 2.44ರಿಂದಲೂ ಗುಣಿಸಿದಷ್ಟು. ಹಸಿರು ಬೆಳಕಿನ ತರಂಗಾಂತರ ಸುಮಾರು 0.55 ಮೈಕ್ರಾನ್, ಎಫ್ ಸಂಖ್ಯೆಯಾಗಿ ಲೆನ್ಸಿನ ಮೇಲೆ ಬರೆದದ್ದನ್ನು ಬಿಟ್ಟು ನಾವು ಮೇಲೆ ಕಂಡುಕೊಂಡ ನಿಜವಾದ ಸಂಖ್ಯೆಯನ್ನು ಹಾಕಬೇಕು. 1:1ರಲ್ಲಿ ಎಫ್ 8 ಎಂದರೆ ನಿಜದಲ್ಲಿ 16, ಬಿಲ್ಲೆ 21 ಮೈಕ್ರಾನ್. ಎಫ್ 11 ಇಟ್ಟರೆ ಸುಮಾರು 30 ಮೈಕ್ರಾನ್, ಅಂದರೆ ಕಣ್ಣು ಒಪ್ಪಿಕೊಳ್ಳುವ 0.03 ಮಿ.ಮೀ.ನ ಗಡಿಗೆ ಸರಿಯಾಗಿ ಬಂದು ನಿಂತಂತೆ. ಎಫ್ 16 ಇಟ್ಟರೆ 43 ಮೈಕ್ರಾನ್. ಅಲ್ಲಿಗೆ, ಆಳವನ್ನು ಹೆಚ್ಚಿಸಲು ಮಾಡಿದ ಉಪಾಯ ಫೋಕಸಿನಲ್ಲಿರುವ ಭಾಗವನ್ನೂ ಮಸುಕು ಮಾಡಿ, ಎಲ್ಲೆಡೆಯೂ ಸಮನಾಗಿ ಮಬ್ಬಾದ ಚಿತ್ರವನ್ನು ಕೈಗಿಡುತ್ತದೆ. ಕೈಯಲ್ಲಿ ಹಿಡಿದು ಒಂದೇ ಚಿತ್ರ ತೆಗೆಯುವಾಗ ನಾನು 1:1ಕ್ಕೆ ಎಫ್ 11ನ್ನು ದಾಟುವುದಿಲ್ಲ, 2:1ಕ್ಕೆ ಎಫ್ 8ನ್ನೂ ದಾಟುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಕ್ಕಷ್ಟೇ ತೆಗೆಯುವವರು ಎಫ್ 16 ಇಟ್ಟರೂ ಯಾರಿಗೂ ತಿಳಿಯದು, ಅದನ್ನೂ ಹೇಳಿಬಿಡಬೇಕು.

ಆಳ ಹೆಚ್ಚಿಸಲು ಆಗದಿದ್ದರೂ ಇರುವ ಆಳವನ್ನು ಜಾಣತನದಿಂದ ಬಳಸಬಹುದು. ರೆಕ್ಕೆ ಮಡಚಿ ಕೂತ ಚಿಟ್ಟೆಯ ರೆಕ್ಕೆ ಒಂದು ಸಮತಲ. ಕ್ಯಾಮೆರಾದ ಹಿಂಬದಿಯನ್ನು ಆ ಸಮತಲಕ್ಕೆ ಸಮಾನಾಂತರವಾಗಿ ಹಿಡಿದರೆ ಒಂದು ಮಿಲಿಮೀಟರಿನ ಪದರದಲ್ಲಿಯೇ ರೆಕ್ಕೆಯ ತುದಿಯಿಂದ ತುದಿಯವರೆಗೆ ಎಲ್ಲ ಹುರುಪೆಗಳೂ ಸ್ಪಷ್ಟವಾಗುತ್ತವೆ, ಐದಾರು ಡಿಗ್ರಿ ಓರೆಯಾದರೆ ಅರ್ಧ ರೆಕ್ಕೆ ಕರಗಿಹೋಗುತ್ತದೆ. ನೆಗೆಯುವ ಜೇಡದಂಥ ಜೀವಿಯಲ್ಲಿ ಮುಂದಿನ ಎರಡು ದೊಡ್ಡ ಕಣ್ಣುಗಳ ಮೇಲೆ ಫೋಕಸ್ ಇದ್ದರೆ ಹಿಂಬದಿ ಎಷ್ಟು ಮಸುಕಾದರೂ ನೋಡುಗರು ಕ್ಷಮಿಸುತ್ತಾರೆ. ಮುಂಬೈ ಸುತ್ತಲಿನವರಿಗೆ ಈ ಜೇಡಗಳು ಬೇರೆ ಕಾರಣಕ್ಕೂ ಆಪ್ತವಾಗಬೇಕು: 2021ರಲ್ಲಿ ಥಾಣೆ ಭಾಗದಿಂದ ವಿವರಿಸಲಾದ ಹೊಸ ನೆಗೆಯುವ ಜೇಡವೊಂದಕ್ಕೆ, 2008ರ ನವೆಂಬರ್ ದಾಳಿಯಲ್ಲಿ ಕಸಾಬನನ್ನು ಹಿಡಿಯುತ್ತ ಪ್ರಾಣ ಕೊಟ್ಟ ಪೊಲೀಸ್ ತುಕಾರಾಮ್ ಓಂಬ್ಳೆಯವರ ನೆನಪಿಗಾಗಿ ಐಸಿಯಸ್ ತುಕಾರಾಮಿ ಎಂದು ಹೆಸರಿಡಲಾಗಿದೆ. ಆದರೆ ಚಿತ್ರ ನೋಡಿ ನಾನು ಇಂಥದ್ದೇ ಪ್ರಭೇದ ಕಂಡೆ ಎಂದು ಹೇಳುವಾಗ ಎಚ್ಚರ ಬೇಕು. ಜೇಡಗಳಲ್ಲಿ ಪ್ರಭೇದ ಖಚಿತವಾಗುವುದು ಸಾಮಾನ್ಯವಾಗಿ ಸೂಕ್ಷ್ಮದರ್ಶಕದಲ್ಲಿ ಜನನಾಂಗಗಳ ರಚನೆ ನೋಡಿದ ಮೇಲೆಯೇ.

ಕೈಯಲ್ಲಿ ಹಿಡಿದು ಫೋಕಸ್ ಮಾಡುವ ಕ್ರಮವೂ ಬೇರೆ. ಆಟೋಫೋಕಸನ್ನು ಬಂದ್ ಮಾಡಿ, ಲೆನ್ಸನ್ನು ಬೇಕಾದ ವರ್ಧನೆಗೆ ಇಟ್ಟು, ಅನಂತರ ರಿಂಗನ್ನು ಮುಟ್ಟದೆ, ದೇಹವನ್ನೇ ಕೂದಲೆಳೆಯಷ್ಟು ಮುಂದಕ್ಕೆ ವಾಲಿಸುತ್ತ, ಹುಳದ ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಬಟನ್ ಒತ್ತಬೇಕು. ಎಡಗೈಯ ಬೆರಳುಗಳಲ್ಲಿ ಹುಳ ಕೂತ ಕಡ್ಡಿಯನ್ನು ಹಿಡಿದು ಅದೇ ಕೈಯ ಮೇಲೆ ಲೆನ್ಸನ್ನು ಊರಿದರೆ ಹುಳವೂ ಕ್ಯಾಮೆರಾವೂ ಒಟ್ಟಿಗೆ ಅಲುಗುವುದರಿಂದ ನಡುವಿನ ಅಂತರ ಬದಲಾಗುವುದಿಲ್ಲ. ಹತ್ತು ಚಿತ್ರಗಳಲ್ಲಿ ಒಂಬತ್ತು ಹಾಳಾಗುತ್ತವೆ, ಅದು ಎಲ್ಲರಿಗೂ ಆಗುತ್ತದೆ.

ಉಳಿದದ್ದು ಬೆಳಕು. ಎಫ್ 11, ಅದರ ಮೇಲೆ ಎರಡು ಸ್ಟಾಪ್ ನಷ್ಟ, ಆಷಾಢದ ಮೋಡ, ಮೇಲಿನ ಮಹಡಿಯವರ ಗ್ರಿಲ್ಲಿನ ನೆರಳು. ಇಷ್ಟರ ನಡುವೆ ಬರುವ ಬೆಳಕಿನಲ್ಲಿ ಕೈ ಅಲುಗದಷ್ಟು ವೇಗದ ಶಟರ್ ಸಿಗುವುದು ಕನಸಿನ ಮಾತು. ಆದ್ದರಿಂದ ಮ್ಯಾಕ್ರೋದವರು ಫ್ಲ್ಯಾಶಿಗೆ ಮೊರೆಹೋಗುತ್ತಾರೆ, ಮತ್ತು ಫ್ಲ್ಯಾಶ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಶಟರ್ 1/200 ಸೆಕೆಂಡಿನಲ್ಲಿದ್ದು ಕಿಟಕಿಯ ಬೆಳಕು ಲೆಕ್ಕಕ್ಕೇ ಬಾರದಷ್ಟು ಕಡಿಮೆಯಿದ್ದಾಗ ಚಿತ್ರ ಮೂಡುವುದು ಫ್ಲ್ಯಾಶ್ ಮಿಂಚಿದ ಅವಧಿಯಲ್ಲಿ ಮಾತ್ರ, ಮತ್ತು ಕಡಿಮೆ ಶಕ್ತಿಗೆ ಇಟ್ಟ ಸಾಮಾನ್ಯ ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸು. ಗಾಳಿಗೆ ತೂಗುವ ಎಲೆಯೂ ನಡುಗುವ ಕೈಯೂ ಅಷ್ಟರಲ್ಲಿ ಎಲ್ಲಿಗೂ ಹೋಗಲಾರವು.

ಆದರೆ ಬರಿಯ ಫ್ಲ್ಯಾಶ್ ಹೊಡೆದರೆ ಮೊಟ್ಟೆಯ ನುಣುಪು ಮೈಮೇಲೆ ಒಂದು ಬಿಳಿ ಚುಕ್ಕೆ ಸುಟ್ಟಂತೆ ನಿಲ್ಲುತ್ತದೆ, ಜೀರುಂಡೆಯ ಬೆನ್ನಾದರೆ ಬಲ್ಬು ಹಚ್ಚಿದಂತೆ. ನುಣುಪಾದ ಮೇಲ್ಮೈ ಒಂದು ಕನ್ನಡಿ, ಅದರಲ್ಲಿ ಕಾಣುವ ಹೊಳಪು ಬೆಳಕಿನ ಆಕರದ ಪ್ರತಿಬಿಂಬ. ಆಕರ ಚಿಕ್ಕದಾದರೆ ಪ್ರತಿಬಿಂಬವೂ ಚಿಕ್ಕದಾಗಿ ಪ್ರಖರವಾಗಿರುತ್ತದೆ. ದೊಡ್ಡದಾದರೆ ಹೊಳಪು ಮೈಯುದ್ದಕ್ಕೂ ಹರಡಿ ಮೃದುವಾಗುತ್ತದೆ. ಬಿಸಿಲಿಗೂ ಮೋಡದ ಬೆಳಕಿಗೂ ಇರುವ ವ್ಯತ್ಯಾಸವೂ ಇಷ್ಟೇ: ಸೂರ್ಯ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟು ಅಗಲ ಮಾತ್ರ, ಮೋಡವೋ ಇಡೀ ಆಕಾಶದಷ್ಟು. ಇಲ್ಲಿ ದೊಡ್ಡದು ಎಂಬುದನ್ನು ಹುಳದ ಜಾಗದಲ್ಲಿ ನಿಂತು ಅಳೆಯಬೇಕು. ಒಂದು ಗೇಣು ಅಗಲದ ಬಿಳಿ ಹಾಳೆ ಒಂದು ಮೀಟರ್ ದೂರದಲ್ಲಿದ್ದರೆ ಮೊಟ್ಟೆಗೆ ಅದು ಚಿಕ್ಕ ಕಿಂಡಿ, ಅದೇ ಹಾಳೆ ನಾಲ್ಕು ಬೆರಳು ಅಂತರಕ್ಕೆ ಬಂದರೆ ಮೊಟ್ಟೆಯ ಮೇಲೆ ಕವಿದ ಆಕಾಶ. ಆದುದರಿಂದ ಬೆಳಕನ್ನು ಹರಡಲು ಫ್ಲ್ಯಾಶಿನ ಮುಂದೆ ಇಡುವ ಡಿಫ್ಯೂಸರ್ ಅಗಲವಾಗಿರಬೇಕು ಮತ್ತು ಲೆನ್ಸಿನ ಮೂತಿಗಿಂತಲೂ ಮುಂದಕ್ಕೆ ಬಾಗಿ ಬಂದಿರಬೇಕು. ನನ್ನ ಮೊದಲ ಡಿಫ್ಯೂಸರ್ ಲಾಡು ತುಂಬಿ ಬಂದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ, ಈಗಿನದು ಟಿ.ವಿ. ಪೆಟ್ಟಿಗೆಯೊಳಗೆ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಎರಡು ಪದರವಾಗಿ, ನಡುವೆ ಎರಡು ಬೆರಳು ಅಂತರ ಬಿಟ್ಟು, ಹಳೆಯ ಫೈಲಿನ ರಟ್ಟಿಗೆ ಅಂಟಿಸಿದ್ದು. ಅಂತರ ಬಿಡುವುದು ಮುಖ್ಯ. ಮೊದಲ ಪದರದಲ್ಲಿ ಹರಡಿದ ಬೆಳಕು ಎರಡನೆಯ ಪದರವನ್ನು ಅಂಚಿನವರೆಗೆ ಸಮನಾಗಿ ತುಂಬಲು ಆ ಜಾಗ ಬೇಕು, ಇಲ್ಲದಿದ್ದರೆ ಹಾಳೆಯ ನಡುವೆ ಮಾತ್ರ ಫ್ಲ್ಯಾಶಿನ ಚೌಕ ಹೊಳೆಯುತ್ತದೆ.

ಫ್ಲ್ಯಾಶಿನ ಇನ್ನೊಂದು ಗುಣವೆಂದರೆ ಹಿನ್ನೆಲೆಯನ್ನು ಕಪ್ಪು ಮಾಡುವುದು. ಡಿಫ್ಯೂಸರಿನಿಂದ ಮೊಟ್ಟೆ 8 ಸೆಂ.ಮೀ. ದೂರದಲ್ಲಿದ್ದು ಹಿಂದಿನ ಗೋಡೆ 80 ಸೆಂ.ಮೀ. ದೂರದಲ್ಲಿದ್ದರೆ ಗೋಡೆಗೆ ತಲುಪುವ ಬೆಳಕು ಸರಿಸುಮಾರು ನೂರನೆಯ ಒಂದು ಭಾಗ. ಹಗಲಲ್ಲಿ ತೆಗೆದ ಚಿಟ್ಟೆ ನಡುರಾತ್ರಿಯಲ್ಲಿ ಕೂತಂತೆ ಕಾಣುವುದು ಇದರಿಂದಲೇ. ಹಿಂದೆ ಒಂದು ಗೇಣು ಅಂತರದಲ್ಲಿ ಇನ್ನೊಂದು ಎಲೆ ಬರುವಂತೆ ಕೋನ ಹುಡುಕಿಕೊಂಡರೆ ಹಸಿರು ಹಿನ್ನೆಲೆ ತಾನಾಗಿ ಬರುತ್ತದೆ.

ಇಷ್ಟರ ಮೇಲೂ 2:1ರಲ್ಲಿ ಇಡೀ ಮೊಟ್ಟೆ ಮತ್ತು ಅದು ಅಂಟಿದ ಎಲೆಯ ಮೈ ಎರಡೂ ಸ್ಪಷ್ಟವಾಗಬೇಕೆಂದರೆ ಒಂದೇ ಚಿತ್ರದಲ್ಲಿ ಅದು ಆಗುವುದಿಲ್ಲ. ಅಲ್ಲಿಗೆ ಬರುವುದು ಫೋಕಸ್ ಸ್ಟ್ಯಾಕಿಂಗ್: ಫೋಕಸನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತ ಹಲವು ಚಿತ್ರ ತೆಗೆದು, ಪ್ರತಿಯೊಂದರಿಂದ ಸ್ಪಷ್ಟವಾದ ಭಾಗವನ್ನಷ್ಟೇ ಆರಿಸಿ ಒಂದಾಗಿ ಹೆಣೆಯುವುದು. ಹೆಣೆಯುವ ಕೆಲಸವನ್ನು ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್, ಫೋಟೋಶಾಪ್ ಮೊದಲಾದ ತಂತ್ರಾಂಶಗಳು ಮಾಡುತ್ತವೆ. ಫೋಕಸ್ ಸರಿಸುವ ಕೆಲಸವನ್ನು 2017ರ ನಿಕಾನ್ ಡಿ850ರಂಥ ಕ್ಯಾಮೆರಾಗಳು ತಾವೇ ಮಾಡಿಕೊಳ್ಳುತ್ತವೆ, ಇಲ್ಲದವರು ಸ್ಕ್ರೂ ತಿರುಗಿಸಿ ಕ್ಯಾಮೆರಾವನ್ನೇ ಮುಂದಕ್ಕೆ ಸರಿಸುವ ಜಾರುಪಟ್ಟಿಯನ್ನು, ಅಂದರೆ ಫೋಕಸ್ ರೈಲನ್ನು ಬಳಸುತ್ತಾರೆ. ಸ್ಟ್ಯಾಕಿಂಗಿನಲ್ಲಿ ಆಳದ ಚಿಂತೆಯಿಲ್ಲದ ಕಾರಣ ಅಪರ್ಚರನ್ನು ವಿವರ್ತನೆ ಕಾಡದ ಎಫ್ 5.6ಕ್ಕೆ ಇಡಬಹುದು. 2:1ರಲ್ಲಿ ಅದರ ಪದರ 0.25 ಮಿ.ಮೀ.; ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ 0.15 ಮಿ.ಮೀ.ಗೊಂದು ಹೆಜ್ಜೆ ಇಟ್ಟರೆ ಎರಡು ಮಿಲಿಮೀಟರ್ ಆಳಕ್ಕೆ ಹದಿನಾಲ್ಕು ಹದಿನೈದು ಚಿತ್ರಗಳು. ಹೆಜ್ಜೆ ದೊಡ್ಡದಾದರೆ ಹೆಣೆದ ಚಿತ್ರದಲ್ಲಿ ಸ್ಪಷ್ಟ ಪಟ್ಟಿ, ಮಸುಕು ಪಟ್ಟಿ ಎಂದು ಇಳಕಲ್ ಸೀರೆಯ ಅಂಚಿನಂತೆ ಗೆರೆಗಳು ಮೂಡುತ್ತವೆ.

ಹದಿನೈದು ಚಿತ್ರಗಳ ಉದ್ದಕ್ಕೂ ಏನೂ ಅಲುಗಬಾರದು ಎಂಬುದು ಹೇಳುವಷ್ಟು ಸುಲಭವಲ್ಲ. ನಮ್ಮ ಕಟ್ಟಡ ರೈಲು ಹಳಿಗೆ ಹತ್ತಿರ. ಫಾಸ್ಟ್ ಲೋಕಲ್ ಹಾದುಹೋದಾಗ ನಮಗೆ ಅರಿವಿಗೇ ಬಾರದ ಕಂಪನ 2:1ರ ಚಿತ್ರದಲ್ಲಿ ಎದ್ದು ಕಾಣುತ್ತದೆಯಾದ್ದರಿಂದ, ಗಾಡಿ ದಾಟಿದ ಸದ್ದು ಕೇಳಿ, ಇನ್ನೊಂದು ಬರುವ ಮುನ್ನ ಸರಣಿಯನ್ನು ಮುಗಿಸಬೇಕು. ಫ್ಯಾನ್ ಬಂದ್, ಸೆಲ್ಫ್ ಟೈಮರ್ ಎರಡು ಸೆಕೆಂಡ್, ಎಲೆಯ ತೊಟ್ಟಿಗೆ ಬಟ್ಟೆಯ ಕ್ಲಿಪ್ಪಿನ ಆಧಾರ. ಹೀಗೆ ಬೆವರುತ್ತ ನಿಂತಿದ್ದ ಒಂದು ಬೆಳಿಗ್ಗೆ, ಧಾರವಾಡದಿಂದ ಬಂದಿದ್ದ ಅತ್ತೆಯವರು ಕೈಯಲ್ಲಿ ಒಗ್ಗರಣೆ ಸೌಟು ಹಿಡಿದು ಹಿಂದೆ ಬಂದು ನಿಂತರು. “ಹುಳಾ ಇಟ್ಟ ತತ್ತಿ ಕಾಯ್ಕೋತ ನಿಂತೀರಲ್ರಿ, ನನಗ ನಾಕ ಎಲಿ ಹರಕೊಳ್ಳಾಕ ಬಿಡ್ತೀರೋ ಇಲ್ಲೋ?” ಎಂದರು. “ಆ ಕಡಿ ಟೊಂಗಿದು ಹರಕೊಳ್ರಿ ಅತ್ತಿ, ಇದನ್ನ ಮುಟ್ಟಬ್ಯಾಡ್ರಿ” ಎಂದೆ. ಅವರು ಆ ಕಡೆಯ ಟೊಂಗೆಯನ್ನೇ ಹಿಡಿದರು, ಗಿಡ ಒಂದೇ ಆದ್ದರಿಂದ ಎಲೆ ಕಿತ್ತ ಜಗ್ಗಿಗೆ ಈ ಕಡೆಯ ಟೊಂಗೆಯೂ ತೂಗಿ, ಒಂಬತ್ತನೆಯ ಚಿತ್ರಕ್ಕೆ ಸರಣಿ ಕೆಟ್ಟಿತು.

ಮನೆಯ ಹೊರಗಿನ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಪುಣೆಯ ಗೆಳೆಯರೊಡನೆ ಸಾತಾರಾ ದಾಟಿ ಕಾಸ್ ಪ್ರಸ್ಥಭೂಮಿಗೆ ಹೋದಾಗ, ಸುಮಾರು 1200 ಮೀಟರ್ ಎತ್ತರದ ಆ ಜಂಬಿಟ್ಟಿಗೆಯ ಹಾಸಿನ ಮೇಲೆ ಆಗಸ್ಟಿನಿಂದ ಅಕ್ಟೋಬರಿನವರೆಗೆ ಅರಳುವ ಹೂಗಳಲ್ಲಿ ಹಲವು ಸೆಂಟಿಮೀಟರಿಗಿಂತ ಚಿಕ್ಕವು ಎಂಬುದನ್ನು ಕಂಡಿದ್ದೇನೆ. ಕೀಟ ಹಿಡಿಯುವ ಡ್ರಾಸೆರಾ ಗಿಡದ ಅಂಟು ಹನಿಗಳನ್ನು ಮಟ್ಟಕ್ಕೆ ಸರಿಯಾಗಿ ತೆಗೆಯಲು ನೆಲಕ್ಕೆ ಒರಗಿದರೆ ಹೊಟ್ಟೆಯ ಕೆಳಗೆ ಅಂಥವೇ ಹಲವು ಗಿಡಗಳು ನಜ್ಜುಗುಜ್ಜಾಗುತ್ತವೆ. ಹೂವಿನ ಕಾಲದಲ್ಲಿ ಅಲ್ಲಿ ಜನರ ಸಂಖ್ಯೆಗೆ ಮಿತಿ ಹಾಕಿ ಮುಂಗಡ ನೋಂದಣಿಯ ವ್ಯವಸ್ಥೆ ಮಾಡಿರುವುದು ಸರಿಯಾಗಿಯೇ ಇದೆ. ದಾರಿಯ ಅಂಚಿನಿಂದಲೇ, ಪರದೆಯನ್ನು ಓರೆಮಾಡಿ ಕ್ಯಾಮೆರಾವನ್ನು ಮಾತ್ರ ನೆಲದ ಮಟ್ಟಕ್ಕೆ ಇಳಿಸಿ ತೆಗೆದಷ್ಟು ಸಾಕು. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಚಿತ್ರ ತೆಗೆಯುವ ಅಭ್ಯಾಸವೂ ಕೆಲವರಲ್ಲಿದೆ. ಬೆಳಗಿನ ತಂಪಿನಲ್ಲಿ ಹುಳಗಳು ತಾವಾಗಿಯೇ ಮಂದವಾಗಿರುವಾಗ ಅದರ ಅಗತ್ಯವಿಲ್ಲ.

ಕೊಂಕಣದ ಮಳೆ ಹುಳಗಳನ್ನು ಕೊಡುವಂತೆಯೇ ಲೆನ್ಸನ್ನು ಕಸಿದುಕೊಳ್ಳಲೂಬಹುದು. ಒಂದು ಜೂನಿನಲ್ಲಿ ಬ್ಯಾಗಿನೊಳಗಿಟ್ಟು ಕಪಾಟಿಗೆ ಸೇರಿಸಿದ ನನ್ನ ಲೆನ್ಸನ್ನು ಸೆಪ್ಟೆಂಬರಿನಲ್ಲಿ ತೆಗೆದಾಗ ಒಳಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಹಬ್ಬಿತ್ತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಚಿಕ್ಕ ಮೀಟರ್, ಇವಿಷ್ಟರಿಂದ ಒಳಗಿನ ತೇವಾಂಶವನ್ನು ಶೇಕಡಾ 40ರಿಂದ 50ರ ನಡುವೆ ಇಟ್ಟರೆ ಬೂಷ್ಟು ಬೆಳೆಯುವುದಿಲ್ಲ. ಇದಕ್ಕಿಂತಲೂ ಒಳ್ಳೆಯದು ಮಳೆಗಾಲದಲ್ಲಿ ಅದನ್ನು ದಿನವೂ ಹೊರಗೆ ತೆಗೆದು ಬಳಸುವುದು.

ಮೊಟ್ಟೆ ನಾಲ್ಕೈದು ದಿನಗಳಲ್ಲಿ ಬಣ್ಣಗೆಟ್ಟು ಕಪ್ಪಾಗತೊಡಗಿದರೆ ಒಳಗಿನ ಮರಿ ಹೊರಬರುವ ಹೊತ್ತಾಯಿತೆಂದು ಅರ್ಥ. ಚಲಿಸುವ ಮರಿಯ ಮೇಲೆ ಸ್ಟ್ಯಾಕಿಂಗ್ ನಡೆಯದು. ಆಗ ಫೋಕಸ್ ರೈಲನ್ನು ಬದಿಗಿಟ್ಟು, ವರ್ಧನೆಯನ್ನು 1:1ಕ್ಕೆ ಇಳಿಸಿ, ಎಫ್ 11, ಶಟರ್ 1/200, ಫ್ಲ್ಯಾಶ್ ಹದಿನಾರನೆಯ ಒಂದು ಭಾಗದ ಶಕ್ತಿಯಲ್ಲಿ, ಡಿಫ್ಯೂಸರ್ ಎಲೆಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡು ಕಾಯಬೇಕು. ಮೊಟ್ಟೆಯ ನೆತ್ತಿಯಲ್ಲಿ ಸಣ್ಣ ತೂತು ಕಾಣಿಸಿ, ಅದರಿಂದ ಕಪ್ಪು ತಲೆಯೊಂದು ಹೊರಬಂದು, ಮೈಯನ್ನು ಪೂರ್ತಿ ಎಳೆದುಕೊಂಡ ಮೇಲೆ ಮರಿ ಅತ್ತಿತ್ತ ಹೋಗದೆ ತಿರುಗಿ ನಿಂತು, ತಾನು ಬಿಟ್ಟುಬಂದ ಚಿಪ್ಪನ್ನೇ ಅಂಚಿನಿಂದ ತಿನ್ನಲು ತೊಡಗುತ್ತದೆ. ಚಿತ್ರಕ್ಕೆ ಅದು ಸಾಕಷ್ಟು ಸಮಯ ಕೊಡುತ್ತದೆ.